ಪೈಲ್ವಾನ್ ಮಾಸ್ತರನ ಫುಟ್‌ಬಾಲ್

ಕಾಲೇಜಿನ ಫುಟ್‌ಬಾಲ್ ಕೋಚ್ ಎಂದು ನನ್ನನ್ನು ನೇಮಿಸಿದ ದಿನದವರೆಗೆ ನಾನು ಆ ಚೆಂಡನ್ನು ಒಂದು ಸಲವೂ ಒದ್ದವನಲ್ಲ. ಈಗ ಕೋಚಿಂಗ್ ಕಲಿತು, ಪರೀಕ್ಷೆ ಪಾಸು ಮಾಡಿ, ಕೊರಳಿಗೆ ಸೀಟಿ ಹಾಕಿಕೊಂಡ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. "ಸರ್, ನೀವು ಯಾವ ಪೊಸಿಷನ್‌ನಲ್ಲಿ ಆಡ್ತಿದ್ರಿ?" ಎಂದು ಕೇಳುತ್ತಾರೆ. ಯಾವುದರಲ್ಲೂ ಆಡಲಿಲ್ಲ ಎಂದರೆ ವಿನಯಕ್ಕೆ ಹೇಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆಮೇಲೆ ಬಂದ ಬಡ್ತಿ, ಶಾಲು, ಸನ್ಮಾನಗಳ ಸಂಗತಿ ಬೇಡ. ಈ ಕೆಲಸ ಎಂಥದು ಎಂದು ತಿಳಿಯಲು ನನ್ನ ಮೊದಲ ಎರಡು ಮಳೆಗಾಲಗಳ ಕಥೆ ಸಾಕು.

ನಾನು ಧಾರವಾಡ ಸೀಮೆಯವನು. ಹೊಸಮನಿ ನಮ್ಮ ಮನೆತನದ ಹೆಸರು. ನಮ್ಮೂರ ಗರಡಿಯಲ್ಲಿ ಹತ್ತು ವರ್ಷ ಮಣ್ಣು ಮೆತ್ತಿಕೊಂಡು ಬೆಳೆದೆ. ಅಕ್ಕನ ಗಂಡ ದಾದರಿನ ಚಾಳಿನಲ್ಲಿದ್ದರು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅವರು ನನ್ನನ್ನು ಮುಂಬಯಿಗೆ ಕರೆಸಿಕೊಂಡು, ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿಗೆ ಸೇರಿಸಿದರು. ಅಲ್ಲಿ ಲೇಜಿಮು, ಮಲ್ಲಕಂಬ, ಡ್ರಿಲ್ಲು ಎಲ್ಲ ಕಲಿತೆ. ಫುಟ್‌ಬಾಲಿನ ಪಾಠವೂ ಇತ್ತು. ಆ ಹೊತ್ತಿಗೆ ಮಾತ್ರ ನಾನು ತಪ್ಪಿಸಿಕೊಂಡು ಅಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ ಸುರಿದು ಹದ ಮಾಡುತ್ತಿದ್ದೆ. ಆ ಚೆಂಡಾಟ ಯಾರಿಗೆ ಬೇಕು ಎಂಬ ಧಿಮಾಕು.

ತರಬೇತಿ ಮುಗಿದ ಮೇಲೆ ದಾದರ್ ಮತ್ತು ವಡಾಲದ ನಡುವಿನ ಒಂದು ಹೊಸ ಕಾಲೇಜಿನಲ್ಲಿ ಡ್ರಿಲ್ ಮಾಸ್ತರನ ಕೆಲಸ ಸಿಕ್ಕಿತು, ಹಂಗಾಮಿಯಾಗಿ. ಅಲ್ಲಿನ ಪ್ರಿನ್ಸಿಪಾಲರು ಬೆಳಗಾವಿ ಕಡೆಯ ಮರಾಠಿ ಮನುಷ್ಯ. ಸಂಸ್ಕೃತ ವಿದ್ವಾಂಸರು. ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಜೂನ್ ತಿಂಗಳಲ್ಲಿ ಕಾಲೇಜು ತೆರೆದ ವಾರ ಅವರು ನನ್ನನ್ನು ಕರೆಸಿದರು.

"ಹೊಸಮನಿ, ನಮ್ಮ ಫುಟ್‌ಬಾಲ್ ಕೋಚ್ ಸಾಹೇಬರು ಕೆಲಸ ಬಿಟ್ಟು ವಿಲಾಯತಿಗೆ ಹೋದರು. ನಾಳೆಯಿಂದ ತಂಡ ನೀವು ನೋಡ್ಕೋಬೇಕು."

"ಸರ್, ಆ ಆಟ ನನಗ ಬರಂಗಿಲ್ರಿ."

"ಕುಸ್ತಿ ಬರ್ತದಲ್ಲ? ಅಲ್ಲಿ ಇಬ್ಬರು, ಇಲ್ಲಿ ಇಪ್ಪತ್ತೆರಡು ಮಂದಿ. ಅಷ್ಟೇ ಫರಕ್" ಎಂದು ಅವರು ಮತ್ತೆ ಪುಸ್ತಕದಲ್ಲಿ ತಲೆ ಹುದುಗಿಸಿದರು. ಅವರೂ ಆ ಆಟವನ್ನು ನೋಡಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಮುಂಬಯಿಯಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ಕ್ರಿಕೆಟ್ಟಿನ ಪಿಚ್ಚುಗಳು ನೀರಿನಡಿ ಮುಳುಗಿದ ಮೇಲೆ ಇದು ಏಳುತ್ತದೆ. ನಮ್ಮ ಮೈದಾನ ವಡಾಲದಲ್ಲಿ, ಉಪ್ಪಿನ ಗದ್ದೆಗಳಿಗೆ ಹತ್ತಿಕೊಂಡಿದ್ದ ತಗ್ಗು ಜಾಗ. ಮೊದಲ ಮಳೆಗೇ ಅದು ನಾಟಿಗೆ ಹದವಾದ ಗದ್ದೆಯಂತಾಗುತ್ತಿತ್ತು. ಮೊದಲ ದಿನ ಸಂಜೆ ನಾನು ಅಲ್ಲಿಗೆ ಹೋದಾಗ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಆಗ ಕಾಲೇಜು ತಂಡಗಳಲ್ಲಿ ಹೆಚ್ಚಿನವರು ಬರಿಗಾಲಿನವರೇ. ನನ್ನ ದಪ್ಪ ಕತ್ತು, ಗರಡಿಯಲ್ಲಿ ಮುರಿದ ಕಿವಿ ನೋಡಿ ಅವರೊಳಗೆ ಗುಸುಗುಸು ಎದ್ದಿತು. 'ಪೈಲ್ವಾನ್' ಎಂಬ ಮಾತು ಕಿವಿಗೆ ಬಿತ್ತು.

ಕ್ಯಾಪ್ಟನ್ ಲಾರೆನ್ಸ್ ಡಿಸೋಜ ಮಂಗಳೂರಿನ ಕಡೆಯವನು. ವಡಾಲದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದ. ತೆಳ್ಳಗಿನ ಹುಡುಗ. ಚೆಂಡು ಅವನ ಕಾಲಿಗೆ ಬಂದರೆ ಸಾಕಿದ ಬೆಕ್ಕಿನ ಹಾಗೆ ಅಲ್ಲೇ ಸುತ್ತುತ್ತಿತ್ತು. ಅವನು ಎಲ್ಲರ ಮುಂದೆಯೇ ನನ್ನ ಪರೀಕ್ಷೆ ಮಾಡಿದ.

"ಸರ್, ಆಫ್‌ಸೈಡ್ ಅಂದ್ರೆ ಎಂತ ಅಂತ ಸ್ವಲ್ಪ ಹೇಳ್ತೀರಾ? ಇವರಿಗೆಲ್ಲ ಡೌಟ್ ಉಂಟು."

"ನನಗೂ ಗೊತ್ತಿಲ್ಲಪಾ. ನೀ ಹೇಳು, ನಾ ಕಲೀತೀನಿ."

ನಗಲು ತಯಾರಾಗಿ ನಿಂತಿದ್ದ ಹುಡುಗರಿಗೆ ಏನು ಮಾಡಬೇಕೋ ತೋಚಲಿಲ್ಲ. ಆ ಸಂಜೆ ಲಾರೆನ್ಸನೇ ನನ್ನನ್ನು ಮಾಟುಂಗದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದ. ಎರಡು ಕಾಫಿ ಲೋಟ, ಒಂದು ಚಟ್ನಿ ಬಟ್ಟಲು ಮುಂದಿಟ್ಟುಕೊಂಡು ಆಫ್‌ಸೈಡ್ ಬಿಡಿಸಿ ಹೇಳಿದ. "ಲೋಟ ಗೋಲ್‌ಕೀಪರ್, ಈ ಲೋಟ ಬ್ಯಾಕ್, ಬಟ್ಟಲು ನಾನು. ಚೆಂಡು ನಂಗೆ ಕೊಡುವಾಗ ಮುಂದೆ ಇಬ್ಬರಾದ್ರೂ ಇರ್ಬೇಕು. ಇಲ್ಲದಿದ್ರೆ ಸೀಟಿ. ಅಷ್ಟೇ ಸರ್, ದೊಡ್ಡ ವೇದಾಂತ ಎಂತದೂ ಇಲ್ಲ." ಆ ಮಳೆಗಾಲವಿಡೀ ಅದೇ ಮೇಜು ನನ್ನ ಪಾಠಶಾಲೆಯಾಯಿತು. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಗೊತ್ತಿಲ್ಲದ್ದನ್ನು ಮೊದಲ ದಿನವೇ ಗೊತ್ತಿಲ್ಲ ಎಂದುಬಿಡಿ. ಮೂರನೆಯ ದಿನ ಹೇಳಿದರೆ ಅದು ಸಿಕ್ಕಿಬಿದ್ದ ಹಾಗೆ.

ಆದರೆ ಕಲಿಯುವ ಮೊದಲೇ ಮಾನ ಹೋಯಿತು. ಜುಲೈ ಮೊದಲ ವಾರ ಫೋರ್ಟ್ ಕಡೆಯ ಒಂದು ದೊಡ್ಡ ಕಾಲೇಜಿನೊಡನೆ ಸ್ನೇಹದ ಪಂದ್ಯ ಇಟ್ಟುಕೊಂಡಿದ್ದೆವು. ಕಾಲೇಜುಗಳ ನಡುವಿನ ಮಳೆಗಾಲದ ಟೂರ್ನಮೆಂಟಿನ ಕಪ್ಪು ವರ್ಷವರ್ಷವೂ ಅವರಿಗೇ ಹೋಗುತ್ತಿತ್ತು. ಅವರ ಕೋಚ್ ಸೂಟು ಹಾಕಿ, ಕರಿ ಕೊಡೆ ಹಿಡಿದು ನಿಲ್ಲುತ್ತಿದ್ದ ಗೃಹಸ್ಥ. ಎಂಥ ಕೆಸರಿನಲ್ಲೂ ಅವರ ಪ್ಯಾಂಟಿಗೆ ಒಂದು ಹನಿ ಸಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಅರ್ಧ ಆಟದವರೆಗೆ ಗೋಲಿಲ್ಲ. ವಿರಾಮದ ಬಳಿಕ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ, ಗುಂಪಿನಿಂದ ಚೆಂಡು ಬಾಣದಂತೆ ಹೋಗಿ ಬಲೆಗೆ ಬಿತ್ತು. ನಾನು ಟೊಪ್ಪಿಗೆ ಗಾಳಿಗೆ ಹಾರಿಸಿ, ತೊಡೆ ತಟ್ಟಿ, "ಶಾಬಾಸ್ ನನ್ನ ಹುಲಿಗಳ್ರಾ!" ಎಂದು ಕುಣಿದೆ. ಸುತ್ತ ನೋಡಿದರೆ ಕುಣಿಯುತ್ತಿದ್ದವನು ನಾನೊಬ್ಬನೇ. ವಿರಾಮದ ಮೇಲೆ ತಂಡಗಳು ದಿಕ್ಕು ಬದಲಿಸುತ್ತವೆ ಎಂಬುದನ್ನು ಲಾರೆನ್ಸ್ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಗೋಲಾದದ್ದು ನಮ್ಮ ಮೇಲೆಯೇ.

ಸೂಟಿನ ಕೋಚ್ ನಿಧಾನವಾಗಿ ನಡೆದು ಬಂದು ನನ್ನ ಕೈ ಕುಲುಕಿ, ನಿಮ್ಮ ಬೆಂಬಲಕ್ಕೆ ಧನ್ಯವಾದ ಎಂದರು. ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು. ನಮ್ಮ ಹುಡುಗರು ಮಾತ್ರ ನಗಲಿಲ್ಲ. ತಲೆ ತಗ್ಗಿಸಿಕೊಂಡು ನಿಂತರು. ಅದು ನನಗೆ ಹೆಚ್ಚು ನೋಯಿತು.

ನಮ್ಮ ಕ್ರೀಡಾ ಸಮಿತಿಯ ಅಧ್ಯಕ್ಷರು ಪ್ರೊಫೆಸರ್ ಕರಮರಕರ್, ಇಂಗ್ಲಿಷ್ ಪಾಠ ಹೇಳುವವರು. ಅವರೂ ಅಂದು ಅಲ್ಲಿದ್ದರು. ಮರುದಿನವೇ ಪ್ರಿನ್ಸಿಪಾಲರ ಬಳಿ ದೂರು ಹೋಯಿತು: ಈ ಗರಡಿಯವನನ್ನು ತೆಗೆದು ಆಟ ಬಲ್ಲ ಯಾರನ್ನಾದರೂ ತನ್ನಿ. ಪ್ರಿನ್ಸಿಪಾಲರು ನನ್ನನ್ನು ಕೂರಿಸಿಕೊಂಡು ಹೇಳಿದರು, "ನೋಡ್ರಿ ಹೊಸಮನಿ, ಗಣಪತಿ ಹಬ್ಬದವರೆಗೆ ನಾ ತಡೀತೀನಿ. ಅಲ್ಲೀತನಕ ತಂಡ ಟೂರ್ನಮೆಂಟಿನಾಗ ಉಳಿದಿದ್ದರ ನೀವೂ ಉಳೀತೀರಿ." ಹಿಂದಿನ ವರ್ಷಗಳಲ್ಲಿ ನಮ್ಮ ತಂಡ ಮೊದಲ ಸುತ್ತನ್ನು ದಾಟಿದ್ದೇ ಇಲ್ಲ. ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು ಚಾಳಿನಲ್ಲಿ ಖೋಲಿ ಗೊತ್ತು ಮಾಡಿದ್ದೆ. ಬೇಡ, ಸದ್ಯಕ್ಕೆ ಅಲ್ಲೇ ಇರಲಿ ಎಂದು ಹೇಳಿ ಕಳಿಸಿದೆ.

ಆ ವಾರ ನಾನು ಚೆಂಡನ್ನು ನೋಡುವುದು ಬಿಟ್ಟು ಹುಡುಗರ ಕಾಲು ನೋಡಲು ಕೂತೆ. ಇವರು ಬೀಳುವಷ್ಟು ನಮ್ಮೂರ ಗರಡಿಯ ಮಕ್ಕಳೂ ಬೀಳುತ್ತಿರಲಿಲ್ಲ. ಮಂಡಿ ನೆಟ್ಟಗೆ ಇಟ್ಟುಕೊಂಡು ಓಡುತ್ತಿದ್ದರು. ಭುಜ ತಾಗಿದರೆ ಮಗುಚಿಕೊಳ್ಳುತ್ತಿದ್ದರು. ಬಿದ್ದರೆ ಅಂಗಾತ ಬಿದ್ದು, ಏಳಲು ಯುಗ ಮಾಡುತ್ತಿದ್ದರು. ಇದು ನನಗೆ ಗೊತ್ತಿದ್ದ ವಿದ್ಯೆ! ಮಾರನೆಯ ದಿನ ಚೆಂಡನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಸೊಂಟ ಇಳಿಸಿ ಕೆಸರಿನಲ್ಲಿ ನಡೆಯುವುದು, ಒಬ್ಬರನ್ನೊಬ್ಬರು ಭುಜದಿಂದ ತಳ್ಳುವುದು, ಬಿದ್ದ ರಭಸದಲ್ಲೇ ಉರುಳಿ ಎದ್ದು ನಿಲ್ಲುವುದು, ಹೆಗಲ ಮೇಲೆ ಜೊತೆಗಾರನನ್ನು ಹೊತ್ತು ಮೈದಾನ ಸುತ್ತುವುದು, ಇಷ್ಟೇ ಪಾಠ.

ಮೂರು ದಿನಕ್ಕೆ ಲಾರೆನ್ಸ್ ಸಿಡಿದ. "ಇದು ಫುಟ್‌ಬಾಲ್ ಅಲ್ಲ ಸರ್, ಕಂಬಳ! ನಾವೆಂತ ಕೋಣಗಳಾ?"

"ಕಂಬಳ ಅಂದ್ರ ಏನು?"

"ಕೆಸರುಗದ್ದೆಯಲ್ಲಿ ಕೋಣ ಓಡಿಸುದು, ನಮ್ಮ ಊರಲ್ಲಿ."

"ಕೋಣ ಬೀಳ್ತಾವೇನು?"

"ಅವು ಎಲ್ಲಿ ಬೀಳ್ತವೆ, ಮಾರಾಯ್ರೆ!"

"ಹಂಗಾದ್ರ ನೀವೂ ಬೀಳಬಾರದು. ಬಾ, ನನ್ನ ಕೆಡವು."

ನಾನು ಕೆಸರಿನಲ್ಲಿ ಕಾಲೂರಿ ನಿಂತೆ. ಲಾರೆನ್ಸ್ ಓಡಿ ಬಂದು ಭುಜ ಕೊಟ್ಟ. ಗೋಡೆಗೆ ತಾಗಿದಂತೆ ಹಿಂದಕ್ಕೆ ಹೋಗಿ ಕೂತ. ಒಬ್ಬೊಬ್ಬರಾಗಿ ಹನ್ನೊಂದೂ ಮಂದಿ ಬಂದರು. ಕೊನೆಗೆ ಬಂದವನು ಗಣಪತ್, ಪರೇಲಿನ ಗಿರಣಿ ಕಾರ್ಮಿಕನ ಮಗ, ಎತ್ತಿನಂಥ ಆಳು. ಅವನೊಬ್ಬ ನನ್ನನ್ನು ಅರ್ಧ ಹೆಜ್ಜೆ ಅಲುಗಿಸಿದ. ಆ ಸಂಜೆ ಕೆಸರಿನಿಂದ ಎದ್ದು ಬಂದ ಹುಡುಗರು, "ಇದು ಹೇಗೆ ಮಾಡುವುದು, ತೋರಿಸಿ" ಎಂದರು. ನಾನು ಕೋಚ್ ಆದದ್ದು ಅಂದು.

ನಮ್ಮ ಗೋಲ್‌ಕೀಪರ್ ವಾದಿರಾಜ ಉಡುಪಿಯ ವೈದಿಕರ ಮನೆಯ ಹುಡುಗ. ತಂದೆ ಮಾಟುಂಗದಲ್ಲಿ ಹೋಟೆಲು ನಡೆಸುತ್ತಿದ್ದರು. ಅವನ ಕೈಗೆ ಬಂದ ಚೆಂಡು ಜಾರಿದ್ದೇ ಇಲ್ಲ. ಟೂರ್ನಮೆಂಟಿಗೆ ಒಂದು ವಾರವಿದ್ದಾಗ ಅವನು ಬರುವುದನ್ನು ನಿಲ್ಲಿಸಿದ. ಅಜ್ಜಿಗೆ ಗೊತ್ತಾಗಿತ್ತು. ಚರ್ಮದ ಚೆಂಡನ್ನು ಎದೆಗೆ ಅಪ್ಪಿಕೊಂಡು ಮನೆಗೆ ಬರುತ್ತಾನೆಂದು ಆಕೆ ಊಟ ಬಿಟ್ಟು ಕೂತಿದ್ದರು. ನಾನು ಹೋಗಿ ಬಾಗಿಲ ಹೊರಗೇ ಕೂತೆ.

"ಅಜ್ಜಿ, ಭಜನ್ಯಾಗ ಬಾರಿಸೋ ಮೃದಂಗಾನೂ ಚರ್ಮದ್ದೇ ಅಲ್ರಿ?"

"ಮೃದಂಗವನ್ನು ಯಾರೂ ಕಾಲಲ್ಲಿ ಒದೆಯುವುದಿಲ್ಲ" ಎಂದರು ಅಜ್ಜಿ. ಆ ಪಟ್ಟು ಅಲ್ಲಿಗೇ ಬಿಟ್ಟಿತು.

ಇನ್ನೊಂದು ಪಟ್ಟು ಹಾಕಿದೆ, "ನಿಮ್ಮ ಮೊಮ್ಮಗ ಕೈಲೆ ಹಿಡಿಯಾಂವ್ರಿ, ಒದೆಯಾಂವ ಅಲ್ಲ. ಮತ್ತ ಮಳ್ಯಾಗ ಆಡ್ತಾನ. ಆಟ ಮುಗಿಯೋದ್ರಾಗ ಆ ದೇವರೇ ನೀರು ಹಾಕಿ ತೊಳೆದಿರ್ತಾನ."

ಅಜ್ಜಿ ಯೋಚಿಸಿದರು. "ಮೈಗೆ ಮಳೆನೀರು ಆದೀತು. ಬಟ್ಟೆಗೆ ಎಂತ ಮಾಡ್ತೀರಿ?"

"ಬಟ್ಟಿ ನಮ್ಮ ಖೋಲ್ಯಾಗ ಇಡ್ತೀನಿ. ನಿಮ್ಮ ಹೊಸ್ತಿಲಾ ದಾಟಂಗಿಲ್ಲ."

"ಮಳೆ ಬಾರದ ದಿನ?"

"ಆ ದಿನ ಕೆಳಗಿನ ನಲ್ಲಿಗೆ ನಾನೇ ಕರಕೊಂಡ ಬರ್ತೀನ್ರಿ."

"ಸ್ನಾನ ಮಾಡಿಯೇ ಮೇಲೆ ಬರಬೇಕು ಅವ" ಎಂದು ಅಜ್ಜಿ ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆ ತಂದಿಟ್ಟರು. ಗೋಲ್‌ಕೀಪರ್ ಸಿಕ್ಕಿದ.

ಆ ವರ್ಷ ಆಕಾಶವೇ ನಮ್ಮ ಕಡೆಗಿತ್ತು. ಮೊದಲ ಸುತ್ತಿನ ದಿನ ದಾದರಿನಲ್ಲಿ ಟ್ರಾಮುಗಳು ನಿಂತುಬಿಡುವಷ್ಟು ಮಳೆ. ಎದುರಿನವರು ಜಾರುತ್ತಿದ್ದರು, ನಮ್ಮವರು ನಿಂತಿದ್ದರು. ಮೂರು ಗೋಲಿನಿಂದ ಗೆದ್ದೆವು. ಎರಡನೆಯ ಸುತ್ತು ಗೆದ್ದೆವು, ಮೂರನೆಯದೂ ಗೆದ್ದೆವು. ಪ್ರೊಫೆಸರ್ ಕರಮರಕರ್ ಮೊದಲು ದೂರದಲ್ಲಿ, ಆಮೇಲೆ ಗೆರೆಯ ಹತ್ತಿರ, ಸೆಮಿಫೈನಲ್ಲಿನಲ್ಲಿ ನನ್ನ ಪಕ್ಕದಲ್ಲೇ ಬಂದು ನಿಂತರು. ಗಣಪತಿ ಕೂರಿಸುವ ದಿನ ನಮ್ಮ ತಂಡ ಇನ್ನೂ ಟೂರ್ನಮೆಂಟಿನಲ್ಲಿತ್ತು. ಹೆಂಡತಿಗೆ ಬಾ ಎಂದು ಹೇಳಿ ಕಳಿಸಿದೆ.

ಫೈನಲ್ ಫೋರ್ಟ್ ಕಾಲೇಜಿನ ಮೇಲೆ. ಅದಕ್ಕೆ ಮುಂಚೆ ಒಂದು ವಾರ ಮಳೆ ಕಣ್ಮರೆಯಾಯಿತು. ಬಿಸಿಲಿಗೆ ಮೈದಾನ ಹಂಚಿನ ಹಾಗೆ ಗಟ್ಟಿಯಾಯಿತು. ಕೆಸರಿಲ್ಲದೆ ನಮ್ಮ ವಿದ್ಯೆ ಅರ್ಧ ಆಯಿತು. ಅವರ ಸೆಂಟರ್ ಫಾರ್ವರ್ಡ್ ಜಿಂಕೆಯಂಥ ಹುಡುಗ. ನಮ್ಮ ಇಬ್ಬರು ಬ್ಯಾಕ್‌ಗಳ ನಡುವೆ ನುಗ್ಗಿ ನುಗ್ಗಿ ನಾಲ್ಕು ಗೋಲು ಹಾಕಿದ. ಸೋತೆವು. ಆದರೆ ಫೈನಲ್‌ನಲ್ಲಿ ಸೋತ ಕಾಲೇಜು ಎಂದು ನಮ್ಮನ್ನು ಕರೆಯುವುದು ಅಂದು ಎಲ್ಲರಿಗೂ ಹಬ್ಬದಂತಿತ್ತು. ನಾನೊಬ್ಬ ಹುಬ್ಬು ಗಂಟಿಕ್ಕಿಕೊಂಡು ಮನೆಗೆ ಬಂದೆ. ಮಳೆಯನ್ನು ನಂಬಿ ಕೋಚ್ ಆಗಿರಲು ಬರುವುದಿಲ್ಲ ಎಂಬುದು ತಿಳಿದುಹೋಗಿತ್ತು.

ಆ ಚಳಿಗಾಲ, ಬೇಸಿಗೆಯ ಭಾನುವಾರಗಳನ್ನೆಲ್ಲ ನಾನು ಬಂದರಿನ ಕಡೆಯ ಬಯಲಿನಲ್ಲಿ ಕಳೆದೆ. ಅಲ್ಲಿ ಹಡಗಿನ ಖಲಾಸಿಗಳು ಪಂದ್ಯ ಆಡುತ್ತಿದ್ದರು. ಯಾವ ಯಾವುದೋ ದೇಶದವರು, ಯಾವ ಯಾವುದೋ ಭಾಷೆ. ಒಂದು ಹಡಗಿನವರು ಇಬ್ಬರು ಬ್ಯಾಕ್‌ಗಳ ನಡುವೆ ಮೂರನೆಯವನನ್ನು ಇಳಿಸಿ ಆಡುವುದು ಕಂಡಿತು. ಆ ಮೂರನೆಯವನಿಗೆ ಒಂದೇ ಕೆಲಸ: ಎದುರಿನ ಸೆಂಟರ್ ಫಾರ್ವರ್ಡ್‌ನ ಬೆನ್ನು ಬಿಡದಿರುವುದು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಕುಸ್ತಿಯಲ್ಲಿಯೂ ಎದುರಾಳಿಯ ಯಾವ ಕೈ ಅಪಾಯವೋ ಆ ಕೈಯನ್ನು ಮೊದಲು ಕಟ್ಟಬೇಕು. ಲಾರೆನ್ಸನಿಗೆ ಹೇಳಿದೆ. ಇಬ್ಬರೂ ಮಾಟುಂಗದ ಮೇಜಿನ ಮೇಲೆ ಲೋಟಗಳನ್ನು ಹೊಸದಾಗಿ ಜೋಡಿಸಿದೆವು. ಮೂರನೆಯ ಲೋಟ ಗಣಪತ್.

ಎರಡನೆಯ ಮಳೆಗಾಲ ಬರುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಇನ್ನು ಮುಂದೆ ಬರಿಗಾಲಲ್ಲಿ ಆಡುವಂತಿಲ್ಲ, ಬೂಟು ಕಡ್ಡಾಯ ಎಂದು ಟೂರ್ನಮೆಂಟಿನವರು ಗೊತ್ತುಮಾಡಿದ್ದರು. ಫೋರ್ಟಿನ ಹುಡುಗರು ಮೊದಲೇ ಬೂಟಿನವರು. ನಮ್ಮವರಿಗೆ ಅದು ಕಾಲಿಗೆ ಬೇಡಿ. ಪ್ರೊಫೆಸರ್ ಕರಮರಕರ್ ಓಡಾಡಿ ಹನ್ನೊಂದು ಜೊತೆ ಬೂಟು ತರಿಸಿದರು. ಹಾಕಿಕೊಂಡು ಆಡಿದ ಮೊದಲ ದಿನವೇ ಎಲ್ಲರ ಹಿಮ್ಮಡಿಯಲ್ಲಿ ಗುಳ್ಳೆ. ಲಾರೆನ್ಸ್ ಬೂಟು ಬಿಚ್ಚಿ ಉಪ್ಪಿನ ಗದ್ದೆಗೆ ಎಸೆದ. "ಚೆಂಡು ಎಲ್ಲಿ ಉಂಟು ಅಂತ ಕಾಲಿಗೆ ಗೊತ್ತೇ ಆಗುದಿಲ್ಲ ಸರ್! ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ."

ನಾನು ಇಳಿದು ಹುಡುಕಿ ತಂದೆ. ನೀರು ಕುಡಿದಿದ್ದ ಆ ಬೂಟನ್ನು ಅವನಿಗೆ ಹಾಗೆಯೇ ಹಾಕಿಸಿ, ಒಣಗುವವರೆಗೆ ಬಿಚ್ಚಬೇಡ ಎಂದೆ. ಮಾರನೆಯ ದಿನಕ್ಕೆ ಚರ್ಮ ಅವನ ಪಾದದ ಆಕಾರಕ್ಕೆ ಬಂದಿತ್ತು. ಹಳೆಯ ಸಿಪಾಯಿಗಳು ಮಾಡುವ ಉಪಾಯವೇ ಅದು ಎಂದು ಆಮೇಲೆ ಯಾರೋ ಹೇಳಿದರು. ನಮಗೆ ಅದು ಸಿಟ್ಟಿನಿಂದ ದಕ್ಕಿತು. ಎಲ್ಲರ ಬೂಟೂ ನೀರಿಗೆ ಬಿತ್ತು. ಆಮೇಲೆ ಕ್ಲಾಸಿಗೆ, ಕ್ಯಾಂಟೀನಿಗೆ, ಲೋಕಲ್‌ಗೆ, ಎಲ್ಲಿಗೂ ಬೂಟು ಹಾಕಿಕೊಂಡೇ ಹೋಗಬೇಕೆಂದು ಅಪ್ಪಣೆ ಮಾಡಿದೆ. ಅಡಿಗೆ ಹೊಡೆದ ಚರ್ಮದ ಗುಬುಟುಗಳು ಮೆಟ್ಟಿಲ ಮೇಲೆ ಟಕಟಕ ಸದ್ದು ಮಾಡುತ್ತಿದ್ದವು. ಪ್ರಿನ್ಸಿಪಾಲರು ಪಾಠದ ನಡುವೆ ಎದ್ದು ಬಂದು, "ಹೊಸಮನಿ, ಇದು ವಿದ್ಯಾಲಯವೋ ಅಶ್ವಶಾಲೆಯೋ?" ಎಂದು ಗುಡುಗಿದರು. ಕಪ್ಪು ಬಂದ ಮೇಲೆ ಸದ್ದು ನಿಲ್ಲಸ್ತೀನ್ರಿ ಎಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ ಒಳಗೆ ಹೋದರು. ಅಂಥ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನಾನೇ ಬೆವರಿದೆ.

ಮೊದಲ ಪಂದ್ಯ ಕಷ್ಟಪಟ್ಟು ಗೆದ್ದೆವು. ಮುಂದಿನವನ್ನು ನಿರಾಯಾಸವಾಗಿ ಗೆದ್ದೆವು. ಫೈನಲ್ ತಲುಪಿದಾಗ ಎದುರಿಗೆ ಮತ್ತೆ ಅದೇ ಸೂಟಿನ ಕೋಚ್, ಅದೇ ಸೆಂಟರ್ ಫಾರ್ವರ್ಡ್. ಅದೇ ವಾರ ಲಾರೆನ್ಸ್ ನನ್ನ ಖೋಲಿಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಒಂದು ದೊಡ್ಡ ಕಂಪನಿಯವರು ಅವನ ಆಟ ನೋಡಿ, ತಮ್ಮ ತಂಡಕ್ಕೆ ತೆಗೆದುಕೊಂಡು ಆಫೀಸಿನಲ್ಲಿ ಖಾಯಂ ನೌಕರಿ ಕೊಡುತ್ತೇವೆ ಎಂದಿದ್ದರು. ಸೋಮವಾರವೇ ಸೇರಬೇಕು. ಸೇರಿದರೆ ಕಾಲೇಜಿನ ಪರವಾಗಿ ಆಡುವಂತಿಲ್ಲ. ಫೈನಲ್ ಆ ಮುಂದಿನ ಶನಿವಾರ.

"ಒಂದು ವಾರ ತಡೀರಿ ಅಂದೆ ಸರ್. ಆಗುದಿಲ್ಲವಂತೆ, ಬೇರೆಯವರನ್ನು ತೆಗೊಳ್ತಾರಂತೆ. ನಾನು ಬೇಡ ಅಂತ ಹೇಳಿ ಬರ್ತೇನೆ."

ಅವನ ತಂದೆ ತೀರಿಹೋಗಿದ್ದರು. ತಾಯಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. ಅದು ನನಗೆ ಗೊತ್ತಿತ್ತು.

"ಸೋಮವಾರ ಹೋಗಿ ಸೇರು" ಎಂದೆ.

"ಫೈನಲ್ ಸರ್!"

"ಫೈನಲ್ ವರ್ಷಾ ಬರ್ತದ ತಮ್ಮಾ. ಹಿಂಥಾ ನೌಕರಿ ವರ್ಷಾ ಬರಂಗಿಲ್ಲ."

"ಹಾಗಾದ್ರೆ ನಾನು ಇಲ್ಲದಿದ್ರೂ ನಿಮಗೆ ನಡೀತದೆ, ಅಲ್ವಾ?" ಎಂದ.

"ನಡಿಯಂಗಿಲ್ಲ. ಆದ್ರೂ ಹೋಗು."

ಅವನು ಮೆಟ್ಟಿಲ ಮೇಲೆ ಕೂತು ಅತ್ತ. ನನ್ನ ಹೆಂಡತಿ ಚಹಾ ತಂದು ಪಕ್ಕದಲ್ಲಿಟ್ಟು ಒಳಗೆ ಬಂದಳು.

ಪ್ರೊಫೆಸರ್ ಕರಮರಕರ್‌ಗೆ ವಿಷಯ ತಿಳಿದಾಗ ಅವರು ಕೂಗಾಡಲಿಲ್ಲ. ಕೈಗೆ ಬಂದ ಕಪ್ಪನ್ನು ನೀವೇ ಕೊಟ್ಟುಬಿಟ್ಟಿರಿ ಎಂದು ಮೆಲ್ಲಗೆ ಹೇಳಿದರು. ಹುಡುಗರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮಾತು ಬಿಡದವನೆಂದರೆ ಲಾರೆನ್ಸ್ ಒಬ್ಬನೇ. ತನ್ನ ಜಾಗಕ್ಕೆ ಎರಡನೆಯ ತಂಡದ ಶೆಣೈಯನ್ನು ಅವನೇ ಆರಿಸಿದ. ಗಿಡ್ಡ ಹುಡುಗ, ನಾಚಿಕೆಯ ಸ್ವಭಾವ, ಬಲಗಾಲಿಗಿಂತ ಎಡಗಾಲು ಚುರುಕು. ನೌಕರಿಗೆ ಸೇರಿದ ಮೇಲೂ ಲಾರೆನ್ಸ್ ಬೆಳಗ್ಗೆ ಬೆಳಗ್ಗೆ ವಡಾಲದ ಮೈದಾನಕ್ಕೆ ಬಂದು ಅವನಿಗೆ ಹೇಳಿಕೊಡುತ್ತಿದ್ದ. ಆಮೇಲೆ ಅಲ್ಲಿಯೇ ಪ್ಯಾಂಟು ಬದಲಿಸಿ ಆಫೀಸಿಗೆ ಓಡುತ್ತಿದ್ದ. "ಅವರು ನಿನ್ನನ್ನು ನೋಡಿ ನಗ್ತಾರೆ. ನಗ್ಲಿ. ನಗುವವನು ಕಾಲು ನೋಡುದಿಲ್ಲ" ಎಂದು ಅವನಿಗೆ ಹೇಳುವುದನ್ನು ಒಂದು ದಿನ ಕೇಳಿಸಿಕೊಂಡೆ.

ಶನಿವಾರ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಈ ಸಲ ನಾನು ಮೇಲೆ ನೋಡಲೂ ಇಲ್ಲ. ಗಣಪತ್ ಈಗ ಕ್ಯಾಪ್ಟನ್. ಅವನನ್ನು ಆ ಸೆಂಟರ್ ಫಾರ್ವರ್ಡ್ ಜಿಂಕೆಯ ಬೆನ್ನಿಗೆ ಹಚ್ಚಿದೆ. ಮೂರನೆಯ ಬ್ಯಾಕ್ ಕಂಡು ಸೂಟಿನ ಕೋಚ್ ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಆದರೂ ವಿರಾಮಕ್ಕೆ ಸ್ವಲ್ಪ ಮುಂಚೆ ಜಿಂಕೆ ಒಮ್ಮೆ ತಪ್ಪಿಸಿಕೊಂಡ. ಗೋಲ್.

ವಿರಾಮದಲ್ಲಿ ಗಣಪತ್ ನೆಲ ನೋಡುತ್ತ ಕೂತಿದ್ದ. "ಸರ್, ತೋ ದಿಸತಚ್ ನಾಹೀ, ಕಣ್ಣಿಗೇ ಕಾಣೋದಿಲ್ಲ" ಎಂದ, ತನ್ನ ಹರುಕು ಕನ್ನಡ ಸೇರಿಸಿ.

ಏನು ತಪ್ಪಾಗುತ್ತಿದೆ ಎಂದು ನಾನು ನೋಡಿದ್ದೆ. ಚೆಂಡು ಎಡಕ್ಕೆ ಹೋದರೆ ಇವನ ಕಣ್ಣೂ ಎಡಕ್ಕೆ ಹೋಗುತ್ತಿತ್ತು. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ, "ಬಾಲ್ ನಕೋ ಬಘೂ. ಕಂಬರ್ ಬಘ್. ಚೆಂಡು ನೋಡಬ್ಯಾಡ, ಸೊಂಟ ನೋಡು. ಕಾಲು ಸುಳ್ಳು ಹೇಳ್ತಾವ, ಕಣ್ಣು ಸುಳ್ಳು ಹೇಳ್ತಾವ, ಸೊಂಟ ಸುಳ್ಳು ಹೇಳಂಗಿಲ್ಲ." ಗರಡಿಯಲ್ಲಿ ನನ್ನ ಗುರು ನನಗೆ ಹೇಳಿದ ಮಾತು. ಗಣಪತ್ ತಲೆಯೆತ್ತಿದ.

ಆಮೇಲಿನ ಆಟದಲ್ಲಿ ಜಿಂಕೆ ಎಲ್ಲಿಗೆ ತಿರುಗಿದರೂ ಅಲ್ಲಿ ಗಣಪತ್ ಇದ್ದ. ತಳ್ಳಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಇದ್ದ. ಆ ಹುಡುಗ ಕೈ ಚೆಲ್ಲಿ ರೆಫರಿಯತ್ತ ನೋಡಿದ; ರೆಫರಿ ಏನು ಮಾಡಿಯಾನು? ಅತ್ತಲಿಂದ ಚೆಂಡು ಬರುವುದು ನಿಂತಿತು. ನಮ್ಮ ಕಾರ್ನರ್ ಒಂದು ಅವರ ಗೋಲಿನ ಮುಂದೆ ಗಲಿಬಿಲಿ ಎಬ್ಬಿಸಿ, ನಮ್ಮ ಎಡಗಡೆಯ ಆಟಗಾರನ ತಲೆಗೆ ತಾಗಿ ಒಳಗೆ ಹೋಯಿತು. ಸರಿಸಮ.

ಮುಗಿಯಲು ಸ್ವಲ್ಪವೇ ಹೊತ್ತು ಇತ್ತು. ಗಣಪತ್ ತಡೆದ ಚೆಂಡು ಉದ್ದಕ್ಕೆ ಹಾರಿ ಶೆಣೈಯ ಕಾಲಿಗೆ ಬಿತ್ತು. ಅವರ ಬ್ಯಾಕ್ ಎತ್ತರದ ಆಳು. ನಿಜವಾಗಿಯೂ ನಕ್ಕ. ಶೆಣೈ ಬಲಗಾಲು ಎತ್ತಿದ. ಆತ ಬಲಕ್ಕೆ ವಾಲಿದ. ಎಡಗಾಲಿನಿಂದ ಚೆಂಡು ಹೋಯಿತು. ಹೋದದ್ದು ನನಗೆ ಕಾಣಲೇ ಇಲ್ಲ. ಬಲೆ ಉಬ್ಬಿದ್ದು ಕಂಡಿತು.

ಇನ್ನೂ ಮುಗಿದಿರಲಿಲ್ಲ. ಕೊನೆಯ ಗಳಿಗೆಯಲ್ಲಿ ನಮ್ಮ ಬ್ಯಾಕ್ ಒಬ್ಬನ ಕೈಗೆ ಚೆಂಡು ತಾಗಿ ಪೆನಲ್ಟಿ ಆಯಿತು. ಹೊಡೆಯಲು ಬಂದವನು ಜಿಂಕೆ. ಗೋಲಿನಲ್ಲಿ ವಾದಿರಾಜ. ಪ್ರೊಫೆಸರ್ ಕರಮರಕರ್ ಬೆನ್ನು ತಿರುಗಿಸಿ ನಿಂತು, "ಏನಾಯಿತು ಹೇಳಿ, ನಾನು ನೋಡುವುದಿಲ್ಲ" ಎಂದರು. ವಾದಿರಾಜ ಚೆಂಡು ನೋಡಲಿಲ್ಲ. ವಿರಾಮದಲ್ಲಿ ಗಣಪತನಿಗೆ ಹೇಳಿದ್ದನ್ನು ಅವನೂ ಪಕ್ಕದಲ್ಲಿ ಕೂತು ಕೇಳಿದ್ದ. ಹೊಡೆಯುವವನ ಸೊಂಟ ತಿರುಗಿದ ಕೂಡಲೇ ಎಡಕ್ಕೆ ಹಾರಿ, ಎರಡೂ ಕೈಯಿಂದ ಚೆಂಡನ್ನು ಎದೆಗೆ ಅಪ್ಪಿಕೊಂಡು ನೆಲಕ್ಕೆ ಬಿದ್ದ. ರೆ‌ಫರಿ ಕೊನೆಯ ಸೀಟಿ ಊದಿದರೂ ಅವನು ಬಿಡಲಿಲ್ಲ. ನಾಲ್ಕು ಮಂದಿ ಸೇರಿ ಬಿಡಿಸಬೇಕಾಯಿತು.

ಸೂಟಿನ ಕೋಚ್ ಮೈದಾನದ ನಡುವಿನಿಂದಲೇ ನನ್ನ ಕಡೆ ಬಂದರು. ಕೈ ಕುಲುಕಿ, ಆ ಮೂರನೆಯ ಬ್ಯಾಕ್ ಅನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಖಲಾಸಿಗಳಿಂದ ಎಂದೆ. ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಹೋಗುತ್ತೀರಾ ಎಂದರು. ಕರೆದುಕೊಂಡು ಹೋದೆ. ಆಮೇಲೆ ಎಷ್ಟೋ ವರ್ಷ ನಾವಿಬ್ಬರೂ ಜೊತೆಯಲ್ಲೇ ಆ ಬಯಲಿಗೆ ಹೋಗುತ್ತಿದ್ದೆವು.

ಲಾರೆನ್ಸ್ ಆಫೀಸು ಬಿಟ್ಟು ಓಡುತ್ತ ಬಂದಾಗ ಕಪ್ಪು ಕೊಟ್ಟಾಗಿತ್ತು. ಹಗ್ಗದ ಆಚೆ, ಇಸ್ತ್ರಿಯ ಶರ್ಟು ಬೆವರಿನಿಂದ ಒದ್ದೆಯಾಗಿ, ಏದುಸಿರು ಬಿಡುತ್ತ ನಿಂತಿದ್ದ. "ಎಂತಾಯ್ತು? ಎಂತಾಯ್ತು ಮಾರಾಯ?" ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದ. ಹುಡುಗರು ಹೇಳಲಿಲ್ಲ. ಕಪ್ಪನ್ನು ತಂದು ಹಗ್ಗದ ಮೇಲಿನಿಂದ ಅವನ ಕೈಗೆ ಇಟ್ಟರು. ಅವನು ಶೆಣೈಯನ್ನು ಹುಡುಕಿ ಎತ್ತಿಕೊಂಡ. ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಸುತ್ತ ತಿರುಗಿದ.

ಫೈನಲ್ ನಡೆದ ಫೋರ್ಟ್ ಕಡೆಯ ಮೈದಾನದಿಂದ ನಡೆದು ಹೋಗಿ, ಬೋರಿಬಂದರಿನಲ್ಲಿ ಹಾರ್ಬರ್ ಲೈನಿನ ಲೋಕಲ್ ಹಿಡಿದೆವು. ಥರ್ಡ್ ಕ್ಲಾಸ್ ಡಬ್ಬಿ. ಪ್ರೊಫೆಸರ್ ಕರಮರಕರ್ ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತರು. ಮೀನಿನ ಬುಟ್ಟಿ ಹೊತ್ತ ಕೋಳಿ ಜಾತಿಯ ಬೆಸ್ತರ ಹೆಂಗಸೊಬ್ಬಳು ಅದನ್ನು ತಟ್ಟಿ ನೋಡಿ, ಬೆಳ್ಳಿಯದೇ ಹೌದೇ ಎಂದು ಮರಾಠಿಯಲ್ಲಿ ಕೇಳಿದಳು. ಅದಕ್ಕಿಂತ ಹೆಚ್ಚಿನದು ಎಂದರು ಪ್ರೊಫೆಸರರು, ಕಣ್ಣೊರಸಿಕೊಳ್ಳುತ್ತ. ಹುಡುಗರು ಹಾಡುತ್ತಿದ್ದರು, ಡಬ್ಬಿಯ ಗೋಡೆ ಬಡಿಯುತ್ತಿದ್ದರು. ಲಾರೆನ್ಸ್ ನನ್ನ ಎದುರಿಗೆ ಗಣಪತನ ಪಕ್ಕ ಕೂತಿದ್ದ.

"ಸರ್" ಎಂದ, "ನಾನು ಈಗ ಕಂಪನಿ ಟೀಮು. ಮುಂದಿನ ವರ್ಷ ಎಲ್ಲಿಯಾದ್ರೂ ನೀವು ನಮ್ಮ ಎದುರು ಬಂದ್ರೆ ನಾನು ಬಿಡ್ಲಿಕ್ಕಿಲ್ಲ. ಮೊದಲೇ ಹೇಳಿದ್ದೇನೆ."

"ಬಾರಲೇ, ಬಾ. ಗಣಪತ್ ಕಾಯ್ಕೊಂಡ ಕುಂತಿರ್ತಾನ."

ತನ್ನ ಹೆಸರು ಕೇಳಿ ಗಣಪತ್ ತಿರುಗಿದ. "ಕಾಯ್ ಮ್ಹಣತೋ ರೇ?" ಏನಂತಿದ್ದಾನೆ ಎಂದು ಪಕ್ಕದವನನ್ನು ಕೇಳಿದ. ಅವನು ಹೇಳಿದ. ಗಣಪತ್ ತನ್ನ ದೊಡ್ಡ ಕೈಯನ್ನು ಲಾರೆನ್ಸನ ಹೆಗಲ ಮೇಲೆ ಹಾಕಿದ. ಲಾರೆನ್ಸ್ ನಗುತ್ತ ಆಚೆ ಸರಿಯಲು ನೋಡಿದ, ಬಗ್ಗಿ ತಪ್ಪಿಸಿಕೊಳ್ಳಲು ನೋಡಿದ, ಎಡಕ್ಕೆ ತೋರಿಸಿ ಬಲಕ್ಕೆ ಜಾರಲು ನೋಡಿದ. ಡಬ್ಬಿಯವರೆಲ್ಲ ಹಾಡು ನಿಲ್ಲಿಸಿ ಇದನ್ನೇ ನೋಡತೊಡಗಿದರು. ವಡಾಲ ಬಂದು ರೈಲು ನಿಂತರೂ ಲಾರೆನ್ಸನಿಗೆ ಆ ಕೈಯಿಂದ ಬಿಡಿಸಿಕೊಳ್ಳಲು ಆಗಲಿಲ್ಲ.